ಹೆಸರು ಬರೆದ ಬುಟ್ಟಿ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆರೆದರೆ ಚೀಟಿ ಅಂಟಿಸಿದ ಡಬ್ಬಗಳು ಸಾಲಾಗಿ ಕಾಣುತ್ತವೆ. ‘ಅತ್ತೆ – ಉಪ್ಪು ಕಡಿಮೆ – ರಾತ್ರಿಗೆ’ ಎಂದು ಒಂದರ ಮೇಲೆ. ‘ಇವರಿಗೆ – ಸಕ್ಕರೆ ಹಾಕದ್ದು’ ಎಂದು ಇನ್ನೊಂದರ ಮೇಲೆ. ‘ಎಲ್ಲರಿಗೂ – ಸೋಮವಾರದ ಹುಳಿ’ ಎಂದು ಮತ್ತೊಂದರ ಮೇಲೆ. ಶಾಲೆಯ ಹಳೆಯ ನೋಟುಪುಸ್ತಕಗಳ ಖಾಲಿ ಹಾಳೆಗಳನ್ನು ಕತ್ತರಿಸಿ ಇಟ್ಟುಕೊಂಡು, ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲೇ ಬರೆಯುತ್ತೇನೆ. ರಜೆಗೆ ಬಂದ ಮಗಳು ಮೊನ್ನೆ ಮೊಸರು ಹುಡುಕುತ್ತ ನಿಂತವಳು, “ಅಮ್ಮಾ, ಇದೇನು ಅಡುಗೆಮನೆಯೋ ಝೂನೋ?” ಎಂದು ನಕ್ಕಳು. ಅತ್ತೆಯವರೂ ಬೊಚ್ಚುಬಾಯಿ ಅಗಲಿಸಿ ನಕ್ಕರು. ನಾನೂ ನಕ್ಕೆ. ಆದರೆ ಮಗಳು ತಮಾಷೆಗೆ ಆಡಿದ ಮಾತು ಪೂರಾ ನಿಜವಾಗಿತ್ತು. ಡಬ್ಬಕ್ಕೆ ಚೀಟಿ ಅಂಟಿಸುವ ಈ ಅಭ್ಯಾಸ ನನಗೆ ಬಂದದ್ದು ಒಂದು ಮೃಗಾಲಯದ ಅಡುಗೆಮನೆಯಿಂದಲೇ.

ಮೃಗಾಲಯಕ್ಕೂ ಒಂದು ಅಡುಗೆಮನೆ ಇರುತ್ತದೆ ಎಂಬುದು ಬಹಳ ವರ್ಷ ನನಗೆ ಹೊಳೆದಿರಲಿಲ್ಲ. ಚಿಕ್ಕವಳಿದ್ದಾಗ ತಿಪಟೂರಿನಿಂದ ಶಾಲೆಯ ಪ್ರವಾಸಕ್ಕೆಂದು ಮೈಸೂರಿಗೆ ಹೋಗಿದ್ದೆವು. ಅಣ್ಣ ಕೈಗೆ ಕೊಟ್ಟ ಎರಡು ರೂಪಾಯಿಯಲ್ಲಿ ನಾಲ್ಕಾಣೆಯ ಕಡಲೆಕಾಯಿ ಕೊಂಡು, ಒಂದೊಂದಾಗಿ ಕೋತಿಗಳ ಕಡೆ ಎಸೆದಿದ್ದೆ. (ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದೇ ಕರೆಯುವುದು.) ಕೋತಿ ಹಿಡಿದು ಸುಲಿದು ತಿಂದಾಗ ಎಂಥದೋ ಪುಣ್ಯ ಸಂಪಾದಿಸಿದ ಸಂತೋಷ. ಪ್ರಾಣಿಗಳ ಹೊಟ್ಟೆ ತುಂಬುವುದು ನಮ್ಮಂಥ ಮಕ್ಕಳ ಕಡಲೆಕಾಯಿಯಿಂದಲೇ ಎಂದು ನಂಬಿಕೊಂಡಿದ್ದೆ.

ಆಮೇಲೆ ನಾನೇ ಮೇಡಮ್ ಆಗಿ, 2011ರ ಡಿಸೆಂಬರಿನಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಅದೇ ಮೈಸೂರಿಗೆ ಕರೆದುಕೊಂಡು ಹೋದೆ. ಆಗಿನ್ನೂ ಪೋಲೋ ಎಂಬ ಗೊರಿಲ್ಲಾ ಅಲ್ಲಿತ್ತು. 1995ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಿಂದ ಬಂದದ್ದು, 2014ರಲ್ಲಿ ತೀರಿಕೊಂಡಿತು. ಮಕ್ಕಳೆಲ್ಲ ಅದರ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದರು. ನಮ್ಮ ಜೊತೆಗೆ ಬಂದಿದ್ದ ಸಹೋದ್ಯೋಗಿಯೊಬ್ಬರ ನೆಂಟರು ಅಲ್ಲಿ ಕೆಲಸದಲ್ಲಿದ್ದರು. “ಪ್ರಾಣಿ ನೋಡಿದಿರಿ, ಅವುಗಳ ಊಟದ ಮನೆ ನೋಡುತ್ತೀರಾ? ಬಾಗಿಲಲ್ಲೇ ನಿಂತು ನೋಡಬೇಕು, ಒಳಗೆ ಕಾಲಿಡುವ ಹಾಗಿಲ್ಲ” ಎಂದರು. ಹೆಣ್ಣುಮಕ್ಕಳ ಒಂದು ಗುಂಪನ್ನು ಕರೆದುಕೊಂಡು ಹೋದೆ. ಊಟದ ಮನೆ ಎಂದರೆ ಯಾವ ಹೆಂಗಸಿಗೆ ತಾನೇ ಕುತೂಹಲವಿಲ್ಲ ಹೇಳಿ?

ಒಳಗೆ ಕಂಡದ್ದು ಮದುವೆಮನೆಯ ಉಗ್ರಾಣ. ಮೂಟೆಗಟ್ಟಲೆ ಕ್ಯಾರೆಟ್ಟು, ಸೌತೆಕಾಯಿ, ಬೀಟ್‌ರೂಟು, ಹೊರೆಗಟ್ಟಲೆ ಸೊಪ್ಪು. ಒಂದು ತೊಟ್ಟಿಯಲ್ಲಿ ಗುಲಾಬಿ ಬಣ್ಣದ ನೀರು; ಪೊಟ್ಯಾಷಿಯಂ ಪರ್ಮಾಂಗನೇಟ್ ಚಿಟಿಕೆ ಹಾಕಿದ ಆ ನೀರಿನಲ್ಲಿ ಅದ್ದಿ ತೆಗೆದ ಮೇಲೆಯೇ ತರಕಾರಿ ಕತ್ತಿಗೆ ಸಿಗುವುದು. ಇನ್ನೊಂದು ಪಕ್ಕ ನೆನೆದ ಕಡಲೆ, ಮೊಳಕೆ ಬಂದ ಹೆಸರುಕಾಳು. ಮಾಂಸದ ಕೋಣೆ ಬೇರೆ, ಅದರ ಕತ್ತಿ ಬೇರೆ, ಮಣೆ ಬೇರೆ; ಇತ್ತಲಿನದು ಅತ್ತ ಹೋಗುವಂತಿಲ್ಲ. ನಮ್ಮ ಅಜ್ಜಿಯ ಮಡಿಯೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಗೋಡೆಗೆ ಒಂದು ದೊಡ್ಡ ಕರಿಹಲಗೆ. ನಮ್ಮ ಶಾಲೆಯ ಹಲಗೆಯ ಹಾಗೆಯೇ ಗೆರೆ ಎಳೆದು ಮನೆ ಮಾಡಿದ್ದರು. ಪ್ರಾಣಿಯ ಹೆಸರು, ಎಷ್ಟು ತಲೆ, ಯಾವ ಪದಾರ್ಥ, ಎಷ್ಟು ಕಿಲೋ, ಬೆಳಿಗ್ಗೆಯೋ ಸಂಜೆಯೋ. ಕೆಳಗೆ ಸಾಲಾಗಿ ಬುಟ್ಟಿಗಳು, ಕ್ರೇಟುಗಳು. ಒಂದೊಂದಕ್ಕೂ ಹೆಸರು ಬರೆದ ಬಿಲ್ಲೆ. ಒಬ್ಬರು ತರಕಾರಿ ಹೆಚ್ಚುತ್ತಿದ್ದರು, ಇನ್ನೊಬ್ಬರು ತಕ್ಕಡಿಗೆ ಹಾಕಿ, ಹಲಗೆ ನೋಡಿ, ಬಿಲ್ಲೆ ನೋಡಿ ಬುಟ್ಟಿಗೆ ಸುರಿಯುತ್ತಿದ್ದರು. ಹಕ್ಕಿಗಳಿಗೆ ಬೆರಳುಗುರಿನಷ್ಟು ಸಣ್ಣ ಚೂರು, ಕೋತಿಗಳಿಗೆ ಕೈಯಲ್ಲಿ ಹಿಡಿಯುವಷ್ಟು, ಆನೆಗೆ ಇಡಿಯಾಗಿ. ಹಲಗೆಯ ಒಂದು ಸಾಲಿನಲ್ಲಿ, ಒಂದು ಮುದಿ ಕೋತಿಯ ಹೆಸರಿನ ಎದುರು, ಸೀಮೆಸುಣ್ಣದಲ್ಲಿ ಬೇರೆಯಾಗಿ ಬರೆದಿತ್ತು: ‘ಬಾಳೆಹಣ್ಣು ಇಲ್ಲ – ಡಾಕ್ಟರು ಹೇಳುವವರೆಗೆ.’

ಆ ಸಾಲಿನ ಮುಂದೆ ನನ್ನ ಕಣ್ಣು ನೆಟ್ಟುಬಿಟ್ಟಿತು. ಏಕೆಂದು ಆಮೇಲೆ ಹೇಳುತ್ತೇನೆ.

ನಮ್ಮ ಗುಂಪಿನ ಒಬ್ಬ ಹುಡುಗಿ ಕೇಳಿಯೇಬಿಟ್ಟಳು: “ಇವಕ್ಕೆ ಯಾಕೆ ತೂಕ ಮಾಡಿ ಕೊಡಬೇಕು? ಹೊಟ್ಟೆ ತುಂಬ ಹಾಕಿದ್ರೆ ಸಾಲದಾ?” ಕ್ಯಾರೆಟ್ ಹೆಚ್ಚುತ್ತಿದ್ದ ಹಿರಿಯರು ತಲೆ ಎತ್ತಿ, “ಹೊಟ್ಟೆ ತುಂಬ್ಸೋದು ಯಾರ ಕೈಲಾದ್ರೂ ಆಗುತ್ತೆ ಕಣವ್ವ. ಯಾರ ಹೊಟ್ಟೆ ಅನ್ನೋದು ಗೊತ್ತಿರಬೇಕು” ಎಂದರು. ಮತ್ತೆ ತಲೆ ತಗ್ಗಿಸಿ ಹೆಚ್ಚತೊಡಗಿದರು. ಮೂವತ್ತು ವರ್ಷ ಪಾಠ ಹೇಳಿದರೂ ಇಷ್ಟು ಚಿಕ್ಕದಾಗಿ ಒಂದು ಉತ್ತರ ಹೇಳಲು ನನಗೆ ಬಂದಿಲ್ಲ.

ಇತಿಹಾಸ ಪಾಠ ಮಾಡುವವಳಲ್ಲವೇ, ಮನೆಗೆ ಬಂದ ಮೇಲೆ ಆ ಮಾತಿನ ಹಿಂದೆ ಬಿದ್ದೆ. ‘ಯಾರ ಹೊಟ್ಟೆ’ ಎಂಬುದನ್ನು ಮನುಷ್ಯ ಯಾವಾಗ ಕಲಿತ? ಸಿಕ್ಕ ಪುಸ್ತಕಗಳನ್ನು ಓದುತ್ತ ಹೋದಂತೆ ತಿಳಿದದ್ದು ಇದು: ಪ್ರಾಣಿಗಳನ್ನು ಕೂಡಿಹಾಕುವುದನ್ನು ಮನುಷ್ಯ ಸಾವಿರಾರು ವರ್ಷದ ಹಿಂದೆಯೇ ಕಲಿತ, ಅವುಗಳಿಗೆ ಬಡಿಸುವುದನ್ನು ಕಲಿತು ಇನ್ನೂ ನೂರು ವರ್ಷವೂ ಸರಿಯಾಗಿ ಆಗಿಲ್ಲ.

ಹಳೆಯ ಕಾಲದಲ್ಲಿ ಪ್ರಾಣಿಗಳೆಂದರೆ ರಾಜರು ರಾಜರಿಗೆ ಕಳಿಸುವ ಉಡುಗೊರೆ. ಲಂಡನ್ನಿನ ಗೋಪುರ ಕೋಟೆಯಲ್ಲಿ ಇಂಗ್ಲೆಂಡಿನ ದೊರೆಗಳ ಪ್ರಾಣಿಶಾಲೆ ಇತ್ತು. 1252ರಲ್ಲಿ ನಾರ್ವೆಯ ದೊರೆ ಅಲ್ಲಿಗೆ ಒಂದು ಬಿಳಿ ಕರಡಿಯನ್ನು ಕಳಿಸಿದ. ಅದರ ಊಟಕ್ಕೆ ದಿನಕ್ಕೆ ನಾಲ್ಕು ಪೆನ್ನಿ ಕೊಡಬೇಕೆಂದು ನಗರದ ಅಧಿಕಾರಿಗಳಿಗೆ ಅಪ್ಪಣೆಯಾಯಿತು. ಆಮೇಲೆ ಉದ್ದನೆಯ ಹಗ್ಗ ಕಟ್ಟಿ ಥೇಮ್ಸ್ ನದಿಗೆ ಇಳಿಸಿದರು; ಕರಡಿ ತಾನೇ ಮೀನು ಹಿಡಿದು ತಿಂದಿತು. ಅದೃಷ್ಟವಂತ ಕರಡಿ! ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಳ್ಳುವ ಅವಕಾಶ ಅದಕ್ಕೆ ಸಿಕ್ಕಿತು. ಎಲ್ಲ ಪ್ರಾಣಿಗಳೂ ಹಾಗೆ ಪುಣ್ಯ ಮಾಡಿರಲಿಲ್ಲ. 1623ರಲ್ಲಿ ಸ್ಪೇನಿನ ದೊರೆ ಕಳಿಸಿದ ಆನೆಗೆ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ನೀರಿನ ಬದಲು ದಿನಕ್ಕೊಂದು ಗ್ಯಾಲನ್ ದ್ರಾಕ್ಷಾರಸದ ಮದ್ಯ ಕುಡಿಸಬೇಕೆಂದು ಲೆಕ್ಕ ಬರೆದಿದ್ದರು. ಉಷ್ಟ್ರಪಕ್ಷಿಗೆ ಕಬ್ಬಿಣ ಜೀರ್ಣವಾಗುತ್ತದೆಂಬ ನಂಬಿಕೆಯಿಂದ ನೋಡಲು ಬಂದವರು ಮೊಳೆ ತಿನ್ನಿಸುತ್ತಿದ್ದರು. ಯಾರೂ ಕ್ರೂರಿಗಳಲ್ಲ, ಅವರವರಿಗೆ ತಿಳಿದ ಮಟ್ಟಿಗೆ ಉಪಚಾರವನ್ನೇ ಮಾಡುತ್ತಿದ್ದರು. ನನ್ನ ಕಡಲೆಕಾಯಿಯೂ ಆ ಜಾತಿಗೇ ಸೇರಿದ್ದು.

ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮೃಗಾಲಯ ತೆರೆದದ್ದು 1828ರಲ್ಲಿ. ಅಲ್ಲಿ ವಿದ್ವಾಂಸರಿದ್ದರು, ಹಣವಿತ್ತು, ಹೆಸರಿತ್ತು. ಆದರೂ ಒಂದು ಸಂಕಟ ಬಿಡದೆ ಕಾಡುತ್ತಿತ್ತು. ಸಿಂಹಿಣಿ ಮರಿ ಹಾಕಿದರೆ ಮರಿಗಳು ಉಳಿಯುತ್ತಿರಲಿಲ್ಲ. ಕಾಲು ಡೊಂಕಾಗಿ, ಬೆನ್ನುಮೂಳೆ ಬಾಗಿ, ಎದ್ದು ನಿಲ್ಲಲಾರದೆ ಸಾಯುತ್ತಿದ್ದವು. ಒಂದೆರಡು ಸಲ ಅಲ್ಲ, ಇಪ್ಪತ್ತಕ್ಕೂ ಹೆಚ್ಚು ಸೂಲಿನ ಮರಿಗಳು ಹೀಗೆ ಹೋದವು. ರೋಗದ ಹೆಸರು ರಿಕೆಟ್ಸ್. ಎಲುಬು ಗಟ್ಟಿಯಾಗದೆ ಮೇಣದ ಹಾಗೆ ಬಗ್ಗುವ ರೋಗ. ಹೊಗೆ ಕವಿದ ಅಂದಿನ ಲಂಡನ್ನಿನ ಗಲ್ಲಿಗಳಲ್ಲಿ ಬಡವರ ಮಕ್ಕಳಿಗೂ ಇದೇ ರೋಗವಿತ್ತು.

1889ರಲ್ಲಿ ಜಾನ್ ಬ್ಲಾಂಡ್-ಸಟನ್ ಎಂಬ ಶಸ್ತ್ರವೈದ್ಯನನ್ನು ಕೇಳಿದರು. ಆತ ಮೊದಲು ಗಮನಿಸಿದ್ದು ಮರಿಗಳ ಊಟವನ್ನು. ತಾಯಿಯ ಹಾಲು ಬೇಗ ಬಿಡಿಸಿ, ಕುದುರೆಯ ಮಾಂಸ ಹಾಕುತ್ತಿದ್ದರು. ಕೊಬ್ಬಿಲ್ಲದ, ಮೂಳೆಯಿಲ್ಲದ ಮಾಂಸ. ನೋಡಿದವರಿಗೆ ಇದಕ್ಕಿಂತ ಒಳ್ಳೆಯ ಊಟವುಂಟೇ ಅನ್ನಿಸುವಂಥದು. ಆದರೆ ಕಾಡಿನಲ್ಲಿ ತಾಯಿ ಸಿಂಹ ಬರೀ ಮಾಂಸದ ತುಂಡನ್ನು ಆರಿಸಿ ಬಡಿಸುವುದಿಲ್ಲ. ಬೇಟೆಯ ಈಲಿ, ಕರುಳು, ಕೊಬ್ಬು, ಎಳೆಯ ಮೂಳೆ ಎಲ್ಲವನ್ನೂ ಮರಿಗಳು ತಿನ್ನುತ್ತವೆ. ಬ್ಲಾಂಡ್-ಸಟನ್ ಹೇಳಿದ್ದು ಮೂರೇ ಮಾತು: ಹಾಲು ಕೊಡಿ, ಮೂಳೆ ಕುಟ್ಟಿ ಪುಡಿ ಮಾಡಿ ಕೊಡಿ, ಮೀನಿನ ಈಲಿಯ ಎಣ್ಣೆ ಕೊಡಿ. ಮೂರು ತಿಂಗಳಲ್ಲಿ ರೋಗದ ಲಕ್ಷಣ ಮಾಯವಾಯಿತು. ಮರಿಗಳು ಬೆಳೆದು ಸಿಂಹಗಳಾದವು.

ಆ ಎಣ್ಣೆಯಲ್ಲಿ ಏನಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷಗಳ ನಂತರ, 1919ರಲ್ಲಿ, ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ ಈ ರೋಗಕ್ಕೂ ಊಟಕ್ಕೂ ಇರುವ ನಂಟನ್ನು ತೋರಿಸಿದ. 1922ರಲ್ಲಿ ಅಮೆರಿಕದ ಮೆಕಾಲಮ್ ಆ ಅಂಶವನ್ನು ಬೇರೆಯಾಗಿ ಗುರುತಿಸಿದ; ಅದಕ್ಕೆ ‘ಡಿ’ ವಿಟಮಿನ್ ಎಂದು ಹೆಸರಾಯಿತು. ಸಿಂಹದ ಮರಿಗಳಿಗೆ ಒದಗಿದ ಮದ್ದು ಮನುಷ್ಯರ ಮಕ್ಕಳಿಗೆ ಸರಿಯಾಗಿ ತಲುಪಲು ಅಷ್ಟು ಕಾಲ ಹಿಡಿಯಿತು. ಈ ಕಥೆಯನ್ನು ಓದಿದ ರಾತ್ರಿ ನಾನು ಸಿಂಹಗಳಿಗಿಂತ ಆ ಪಾಲಕರನ್ನು ನೆನೆದು ಮರುಗಿದೆ. ದಿನಾ ಬೆಳಿಗ್ಗೆ ಮೂಳೆಯನ್ನು ಬಿಡಿಸಿ, ಮೆತ್ತಗಿನ ಮಾಂಸವನ್ನು ಮಾತ್ರ ಮರಿಯ ಮುಂದಿಟ್ಟವರು ಅವರು. ನಾವೂ ಮಕ್ಕಳಿಗೆ ಮೀನಿನ ಮುಳ್ಳು ಬಿಡಿಸಿ, ಹಣ್ಣಿನ ಸಿಪ್ಪೆ ತೆಗೆದು ಕೊಡುವುದಿಲ್ಲವೇ? ಮರಿಗಳು ತಮ್ಮ ಕಣ್ಣ ಮುಂದೆಯೇ ಡೊಂಕಾಗುವುದನ್ನು ಕಂಡು ಇನ್ನೂ ಮೆತ್ತಗಿನದನ್ನು ಹುಡುಕಿ ಕೊಟ್ಟಿರಬೇಕು.

ಕಥೆಯ ಮುಂದಿನ ಭಾಗ ಅಮೆರಿಕದ ಫಿಲಡೆಲ್ಫಿಯಾದ್ದು. ಅಲ್ಲಿನ ಮೃಗಾಲಯ 1874ರ ಜುಲೈ 1ರಂದು ತೆರೆಯಿತು. 1901ರಲ್ಲಿ ಅಲ್ಲೊಂದು ಪ್ರಯೋಗಾಲಯ ಆರಂಭವಾಯಿತು. ಪೆನ್‌ರೋಸ್ ಪ್ರಯೋಗಾಲಯ ಎಂದು ಹೆಸರು. ಸತ್ತ ಪ್ರಾಣಿಗಳನ್ನು ಕೊಯ್ದು ನೋಡಿ, ಏಕೆ ಸತ್ತಿತೆಂದು ಬರೆದಿಡುವ ಕೆಲಸ. ವರ್ಷಗಟ್ಟಲೆ ಹೀಗೆ ಬರೆದ ಪುಸ್ತಕಗಳು ಒಂದು ಸತ್ಯವನ್ನು ಹೇಳತೊಡಗಿದವು: ಪ್ರಾಣಿಗಳ ಸಾವಿನ ಹಿಂದೆ ಮತ್ತೆ ಮತ್ತೆ ಅಡುಗೆಮನೆಯ ತಪ್ಪೇ ಇದೆ. ಹೊಟ್ಟೆ ತುಂಬಿದೆ, ಆದರೆ ಎಲುಬಿನಲ್ಲಿ ಸತ್ವವಿಲ್ಲ.

ಆ ಪ್ರಯೋಗಾಲಯದಲ್ಲಿ ಎಲೆನ್ ಕಾರ್ಸನ್-ವೈಟ್ ಎಂಬ ವೈದ್ಯೆಯೊಬ್ಬರು ಕೆಲಸ ಮಾಡುತ್ತಿದ್ದರು. 1935ರಲ್ಲಿ ಅವರೂ ಹರ್ಬರ್ಟ್ ರ‍್ಯಾಟ್‌ಕ್ಲಿಫ್ ಅವರೂ ಸೇರಿ ಆ ಮೃಗಾಲಯದ ಅಡುಗೆಯನ್ನೇ ಬದಲಾಯಿಸಿದರು. ಅದುವರೆಗೆ ಯಾವ ಪ್ರಾಣಿಗೆ ಏನು ಎಂಬುದು ಪಾಲಕರ ಅಂದಾಜು, ಹಿಂದಿನವರು ಹೇಳಿಕೊಟ್ಟ ರೂಢಿ. ಇನ್ನು ಮೇಲೆ ಲೆಕ್ಕ. ಧಾನ್ಯದ ಹಿಟ್ಟುಗಳನ್ನು ಬೆರೆಸಿ, ಅದಕ್ಕೆ ಸಸಾರಜನಕ, ಲವಣ, ವಿಟಮಿನ್ನುಗಳನ್ನು ಅಳತೆಗೆ ಸರಿಯಾಗಿ ಸೇರಿಸಿ ಗಟ್ಟಿ ಮಾಡಿದ ತಿನಿಸನ್ನು ಸಿದ್ಧಪಡಿಸಿದರು. ‘ಝೂ ಕೇಕ್’ ಎಂದು ಅದನ್ನು ಕರೆದರು. ಕೇಕು ಎಂಬ ಹೆಸರು ಕೇಳಿ ಮೋಸ ಹೋಗಬೇಡಿ. ನಮ್ಮ ಹುರಿಹಿಟ್ಟಿನ ಉಂಡೆಗೆ ಹತ್ತಿರದ ನೆಂಟು. ಐದು ವರ್ಷ ಹಾಗೆ ಬಡಿಸಿ, ಬಂದ ಫಲವನ್ನು 1940ರಲ್ಲಿ ಪ್ರಕಟಿಸಿದರು. ಮೃಗಾಲಯದಲ್ಲಿ ಲೆಕ್ಕವಿಟ್ಟು ಊಟ ಕೊಡುವ ಪದ್ಧತಿಗೆ ಅಲ್ಲಿಂದಲೇ ಆರಂಭ ಎನ್ನುತ್ತಾರೆ. ಕೊಯ್ದು ನೋಡುವ ಮೇಜಿನಿಂದ ನೇರವಾಗಿ ಅಡುಗೆಮನೆಗೆ ನಡೆದು ಬಂದ ಆ ಹೆಂಗಸಿನ ಬಗ್ಗೆ ನನಗೆ ತುಂಬ ಗೌರವ. ಸತ್ತದ್ದರ ಕಾರಣ ತಿಳಿದವರು ಬಹಳ ಮಂದಿ. ಬದುಕಿರುವುದರ ತಟ್ಟೆಯನ್ನು ಬದಲಿಸಿದವರು ಕಡಿಮೆ.

ಆಮೇಲೆ ಒಂದೊಂದೇ ಗುಟ್ಟು ಬಯಲಾದವು. ಸೀಲ್‌ಗಳಿಗೆ ಶೇಖರಿಸಿಟ್ಟ ಮೀನನ್ನೇ ಕೊಡುತ್ತಿದ್ದರೆ ‘ಬಿ-1’ ವಿಟಮಿನ್ ಕಡಿಮೆಯಾಗುತ್ತದೆ. ಕೆಲವು ಜಾತಿಯ ಮೀನಿನಲ್ಲಿ ಅದನ್ನು ನಾಶ ಮಾಡುವ ವಸ್ತುವೇ ಇದೆ. ಆದ್ದರಿಂದ ಮೀನಿನ ಕಿವಿರಿನೊಳಗೆ ಮಾತ್ರೆ ಸಿಕ್ಕಿಸಿ ಕೊಡುತ್ತಾರೆ. ಫ್ಲೆಮಿಂಗೋ ಹಕ್ಕಿಯ ಕೆಂಪು ಹುಟ್ಟಿನಿಂದ ಬಂದದ್ದಲ್ಲ, ತಿಂದದ್ದರಿಂದ ಬಂದದ್ದು. ಸಿಗಡಿಯಲ್ಲಿ, ಪಾಚಿಯಲ್ಲಿ ಇರುವ ಬಣ್ಣದ ಅಂಶ ತಪ್ಪಿದರೆ ಪುಕ್ಕ ಬಿಳಿಚಿಕೊಳ್ಳುತ್ತದೆ. ಬೆಕ್ಕಿನ ಜಾತಿಗೆ ಟಾರಿನ್ ಎಂಬ ಅಂಶ ಮಾಂಸದಿಂದಲೇ ಬರಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತದೆಂದು 1970ರ ದಶಕದಲ್ಲಿ ತಿಳಿಯಿತು. ನಾಯಿಗೆ ಒಗ್ಗಿದ್ದು ಬೆಕ್ಕಿಗೆ ಒಗ್ಗದು, ಗಿಳಿಗೆ ಒಗ್ಗಿದ್ದು ಮೈನಾಕ್ಕೆ ಒಗ್ಗದು. ಒಂದೇ ಜಾತಿಯಲ್ಲೂ ಮುದಿಯದಕ್ಕೆ ಒಂದು, ಬಸುರಿಗೆ ಒಂದು, ಔಷಧಿ ಬೇಕಾದದ್ದಕ್ಕೆ ಇನ್ನೊಂದು. ಅದಕ್ಕೇ ಬಿಲ್ಲೆ, ಅದಕ್ಕೇ ಬೇರೆ ಬುಟ್ಟಿ. ತಿಂದುಳಿದದ್ದನ್ನೂ ತೂಗಿ ಬರೆಯುತ್ತಾರೆ. ನಿನ್ನೆ ಎರಡು ಕಿಲೋ ಮುಗಿಸಿದ ಪ್ರಾಣಿ ಇಂದು ಅರ್ಧ ಬಿಟ್ಟಿದ್ದರೆ ಅದರ ಮೈ ಸರಿಯಿಲ್ಲವೆಂದೇ ಅರ್ಥ. ಬಾಯಿಲ್ಲದ ಜೀವ ‘ನನಗೆ ಹುಷಾರಿಲ್ಲ’ ಎಂದು ಹೇಳುವುದು ಆ ಬುಟ್ಟಿಯ ಮೂಲಕವೇ. ಬಿಟ್ಟ ತಟ್ಟೆ ನೋಡಿ ಮಗುವಿನ ಹಣೆ ಮುಟ್ಟುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮೈಸೂರಿನ ಮೃಗಾಲಯವೂ ಹಳೆಯದೇ. ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಹತ್ತು ಎಕರೆಯಲ್ಲಿ ಆರಂಭಿಸಿದ್ದು. ಲಂಡನ್ನಿನಲ್ಲಿ ಸಿಂಹದ ಮರಿಗಳು ಎದ್ದು ನಿಂತು ಮೂರು ವರ್ಷವಾಗಿತ್ತು ಅಷ್ಟೆ. ಮೊದಲು ಅರಮನೆಯ ಮೃಗಾಲಯವಾಗಿದ್ದು, 1909ರಲ್ಲಿ ಅವರ ಹೆಸರನ್ನೇ ಪಡೆಯಿತು. 1948ರಲ್ಲಿ ಸರ್ಕಾರದ ತೋಟದ ಇಲಾಖೆಗೆ, 1972ರಲ್ಲಿ ಅರಣ್ಯ ಇಲಾಖೆಗೆ ಬಂತು. ಪ್ರಾಣಿಗೆ ತಕ್ಕ ಊಟ ಎಂಬುದು ನಮ್ಮ ಕಡೆಗೆ ಹೊಸದೇನೂ ಅಲ್ಲ. ಆನೆ ಸಾಕಿದ ನಾಡಿದು. ಭತ್ತ, ಬೆಲ್ಲ, ತೆಂಗಿನಕಾಯಿ ಹಾಕಿ ಹುಲ್ಲಿನಲ್ಲಿ ಸುತ್ತಿ ಕೊಡುವ ‘ಕುಸುರೆ’ಯನ್ನು ದಸರಾ ಆನೆಗಳು ಬಾಯಿಗೆ ಇಳಿಸುವುದನ್ನು ನೀವೂ ನೋಡಿರುತ್ತೀರಿ. ಬೆಳೆದ ಆನೆಯೊಂದಕ್ಕೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಕು. ಹುಲಿ ಸಿಂಹಗಳಿಗೆ ನಮ್ಮ ಅನೇಕ ಮೃಗಾಲಯಗಳಲ್ಲಿ ವಾರಕ್ಕೊಂದು ದಿನ ಉಪವಾಸ. ಕಾಡಿನಲ್ಲಿ ದಿನಾ ಬೇಟೆ ಸಿಗುವುದಿಲ್ಲವಲ್ಲ, ಹೊಟ್ಟೆಗೆ ಆ ಬಿಡುವು ಬೇಕು. ಶನಿವಾರ ಒಪ್ಪತ್ತು ಮಾಡುವ ನಮ್ಮ ಅತ್ತೆಯವರಿಗೆ ಈ ಸಂಗತಿ ಹೇಳಿದಾಗ, “ಹುಲಿಗೆ ತಿಳಿದದ್ದು ನಿನ್ನ ಗಂಡನಿಗೆ ತಿಳಿಯಲಿಲ್ಲ” ಎಂದರು.

ರೂಢಿಯಾಗಿದ್ದದ್ದು ದೇಶಕ್ಕೆಲ್ಲ ಕಾನೂನಾದದ್ದು ತಡವಾಗಿ. 1991ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿ ತಂದು, ಮೃಗಾಲಯದ ಪ್ರಾಣಿಯನ್ನು ಕೆಣಕುವುದರ ಜೊತೆಗೆ ಅದಕ್ಕೆ ತಿನ್ನಿಸುವುದನ್ನೂ ಅಪರಾಧವೆಂದರು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂತು. ಒಂದೊಂದು ಪ್ರಾಣಿಗೂ ಅದರದರ ಅಗತ್ಯಕ್ಕೆ ತಕ್ಕಂತೆ ಕಲಬೆರಕೆಯಿಲ್ಲದ ಆಹಾರ ವೇಳೆಗೆ ಸರಿಯಾಗಿ ಕೊಡಬೇಕೆಂದು ನಿಯಮವಾಯಿತು. ಕೆಣಕುವುದನ್ನೂ ತಿನ್ನಿಸುವುದನ್ನೂ ಒಂದೇ ಸಾಲಿನಲ್ಲಿ ಬರೆದ ಆ ಕಾನೂನನ್ನು ಮೊದಲು ಓದಿದಾಗ ನನಗೆ ಕಸಿವಿಸಿಯಾಯಿತು. ಅನ್ನ ಕೊಡುವುದು ಅಪರಾಧವೇ? ಅನ್ನದಾನವೇ ದೊಡ್ಡದೆಂದು ಕೇಳಿ ಬೆಳೆದವರಲ್ಲವೇ ನಾವು?

ಕೋತಿಗೂ ಬಾಳೆಹಣ್ಣಿಗೂ ಇರುವ ನಂಟು ಎಷ್ಟು ಹಳೆಯದೆಂದು ಮಕ್ಕಳ ಪುಸ್ತಕದ ಚಿತ್ರಗಳೇ ಹೇಳುತ್ತವೆ. ಆದರೆ 2014ರ ಜನವರಿಯಲ್ಲಿ ಇಂಗ್ಲೆಂಡಿನ ಪೇಯ್ನ್‌ಟನ್ ಮೃಗಾಲಯ ತನ್ನ ಕೋತಿಗಳಿಗೆ ಬಾಳೆಹಣ್ಣು ಕೊಡುವುದನ್ನು ನಿಲ್ಲಿಸಿದೆಯೆಂಬ ಸುದ್ದಿ ಬಂತು. ಮನುಷ್ಯರ ನಾಲಿಗೆಗೆಂದು ಬೆಳೆಸಿದ ಹಣ್ಣಿನಲ್ಲಿ ಕಾಡಿನ ಹಣ್ಣಿಗಿಂತ ಸಕ್ಕರೆ ಹೆಚ್ಚು, ನಾರು ಕಡಿಮೆ. ಹಲ್ಲು ಹಾಳಾಗುತ್ತವೆ, ಸಕ್ಕರೆ ಕಾಯಿಲೆಯ ಭಯವೂ ಇದೆ. ಹಣ್ಣಿನ ಬದಲು ಸೊಪ್ಪು ತರಕಾರಿ ಹೆಚ್ಚಿಸಿದರು. ಕೋತಿ ಇಷ್ಟಪಟ್ಟು ತಿನ್ನುತ್ತದೆ ಎಂಬುದು ಕೊಡಲು ಸಾಕಾದ ಕಾರಣವಲ್ಲ ಎಂದಾಯಿತು. ಮೈಸೂರಿನ ಹಲಗೆಯ ಮೇಲಿನ ‘ಬಾಳೆಹಣ್ಣು ಇಲ್ಲ’ ನನಗೆ ಆಗ ಮತ್ತೆ ನೆನಪಾಯಿತು.

ಈಗ ಆ ಸಾಲಿನ ಮುಂದೆ ನಾನೇಕೆ ನಿಂತೆನೆಂದು ಹೇಳಬೇಕು.

ಅಣ್ಣನಿಗೆ ಎಪ್ಪತ್ತು ದಾಟಿದ ಮೇಲೆ ಮೂತ್ರಪಿಂಡ ಸೋಲತೊಡಗಿತ್ತು. ಡಾಕ್ಟರು ಔಷಧದ ಜೊತೆಗೆ ಪಥ್ಯದ ಒಂದು ಹಾಳೆ ಕೊಟ್ಟಿದ್ದರು. ಬಾಳೆಹಣ್ಣು ಬೇಡ, ಎಳನೀರು ಬೇಡ, ತರಕಾರಿಯನ್ನು ಬೇಯಿಸಿ ನೀರು ಬಸಿದು ಕೊಡಿ ಎಂದೆಲ್ಲ ಅದರಲ್ಲಿತ್ತು. ನಾನು ಓದಿದ್ದೆ. ಓದಿ, ಮಡಿಸಿ, ಪಂಚಾಂಗದೊಳಗೆ ಇಟ್ಟಿದ್ದೆ. 2008ರ ಬೇಸಿಗೆ ರಜೆಯಲ್ಲಿ ತವರಿಗೆ ಹೋಗಿದ್ದಾಗ ತಡೆಯಲಾರದ ಸೆಕೆ. ಅಣ್ಣ ಜಗಲಿಯಲ್ಲಿ ಕೂತು, “ಪುಟ್ಟೀ, ನಾಲಿಗೆ ಒಣಗ್ತಾ ಇದೆ. ನಮ್ಮ ತೋಟದ್ದು ಒಂದು ಎಳನೀರು ಕೊಡಿಸೆ” ಎಂದರು. ತಿಪಟೂರಿನ ಕಡೆಯವರಿಗೆ ಎಳನೀರೆಂದರೆ ಏನೆಂದು ಹೊರಗಿನವರಿಗೆ ಗೊತ್ತಾಗದು. ಹುಟ್ಟಿದ ಮಗುವಿನ ಬಾಯಿಗೂ ಅದೇ, ಹೋಗುವ ಜೀವದ ಬಾಯಿಗೂ ಅದೇ. ತಾವೇ ಗುಂಡಿ ತೋಡಿ ನೆಟ್ಟ ಮರ, ತಾವೇ ನೀರು ಹೊತ್ತು ಬೆಳೆಸಿದ್ದು. ಅದರ ಒಂದು ಎಳನೀರು ವಿಷವಾದೀತೇ? ಆಳಿನಿಂದ ಎರಡು ಕೀಳಿಸಿದೆ. ಒಂದು ಕುಡಿದು ಇನ್ನೊಂದಕ್ಕೂ ಕೈ ಚಾಚಿದರು, ಕೊಟ್ಟೆ. ಗಂಜಿ ತೆಗೆದು ಚಮಚದಲ್ಲಿ ತಿನ್ನಿಸಿದೆ. ಎಷ್ಟೋ ತಿಂಗಳಿನ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು.

ರಾತ್ರಿ ಹತ್ತರ ಹೊತ್ತಿಗೆ ಕಾಲು ಎತ್ತಿಡಲಾಗುತ್ತಿಲ್ಲ ಎಂದರು. ನಾಡಿ ಹಿಡಿದರೆ ಬೆರಳಿಗೆ ಸಿಗದಷ್ಟು ನಿಧಾನ. ಕಾರು ಮಾಡಿಕೊಂಡು ಆಸ್ಪತ್ರೆಗೆ ಓಡಿದೆವು. ಹೃದಯದ ಗೆರೆ ತೆಗೆದು ನೋಡಿದ ಡಾಕ್ಟರು ಮೊದಲು ಕೇಳಿದ್ದು, “ಏನು ತಿನ್ನಿಸಿದಿರಿ?” ಎಳನೀರಿನಲ್ಲಿ ಪೊಟ್ಯಾಷಿಯಂ ಹೇರಳವಾಗಿದೆ; ಆರೋಗ್ಯವಂತರ ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ, ಸೋತ ಮೂತ್ರಪಿಂಡ ಹಾಕಲಾರದು; ರಕ್ತದಲ್ಲಿ ಏರಿದ ಪೊಟ್ಯಾಷಿಯಂ ಹೃದಯವನ್ನೇ ನಿಲ್ಲಿಸಬಲ್ಲದು ಎಂದು ನಡುರಾತ್ರಿಯಲ್ಲಿ ಅವರು ನನಗೆ ಪಾಠ ಹೇಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಯಾರು ಕೊಟ್ಟದ್ದೆಂದು ನನ್ನ ತಮ್ಮ ಕೇಳಿದಾಗ ಅಣ್ಣ ಕಣ್ಣು ಮುಚ್ಚಿಕೊಂಡೇ, “ಯಾರೂ ಇಲ್ಲ, ನಾನೇ ಕೀಳಿಸಿ ಕುಡಿದೆ” ಎಂದರು. ರಕ್ತ ಶುದ್ಧಿ ಮಾಡಿ ಬದುಕಿಸಿದರು. ಇನ್ನೆರಡು ವರ್ಷ ಇದ್ದರು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ನಾನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ನಾನು ಬಿ.ಎ., ಬಿ.ಎಡ್. ಮಾಡಿದವಳು. ನಮ್ಮ ಮನೆಯಲ್ಲಿ ಓದು ಬರದವರು ಯಾರೂ ಇರಲಿಲ್ಲ. ಆದರೂ ಪಥ್ಯದ ಹಾಳೆ ಪಂಚಾಂಗದೊಳಗಿತ್ತು. ಮೃಗಾಲಯದ ಅಡುಗೆಮನೆಯಲ್ಲಿ ಒಂದು ಮುದಿ ಕೋತಿಗಾಗಿ ಅದೇ ಮಾತನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆದಿದ್ದರು. ಬುಟ್ಟಿ ತುಂಬುವವರು ಬದಲಾದರೂ, ಕೋತಿ ಕೈ ಚಾಚಿ ಬೇಡಿದರೂ, ಆ ದಿನ ಅದಕ್ಕೆ ಬಾಳೆಹಣ್ಣು ಬೀಳುತ್ತಿರಲಿಲ್ಲ. ಪ್ರೀತಿ ನನ್ನಲ್ಲೇನು ಕಡಿಮೆಯಿರಲಿಲ್ಲ. ಅವರಲ್ಲಿ ಪ್ರೀತಿಯ ಜೊತೆಗೆ ಒಂದು ಬಿಲ್ಲೆಯಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಎಷ್ಟು ಸಲ ಕೊಟ್ಟಿದ್ದೇನೋ. ಉಣ್ಣುವವನು ಬಲ್ಲವನಾಗಬೇಕೆಂದೇ ಎಲ್ಲರೂ ಬರೆಯುತ್ತಾರೆ. ಬಡಿಸುವ ಕೈಯೂ ಬಲ್ಲದ್ದಾಗಿರಬೇಕೆಂದು ಈಗ ನಾನು ಹೇಳಿಕೊಡುತ್ತೇನೆ. ಮೈಸೂರಿನಿಂದ ಬಂದ ವಾರವೇ ಚೀಟಿ ಅಂಟಿಸಲು ಆರಂಭಿಸಿದೆ. ಅತ್ತೆಯವರು ಮೊದಲು ಬೇಸರಪಟ್ಟುಕೊಂಡರು. ತಮ್ಮ ಪಂಕ್ತಿಯನ್ನು ಬೇರೆ ಮಾಡಿದಳೆಂದು. ಹೆಸರು ಬರೆದದ್ದು ಬೇರೆ ಮಾಡುವುದಕ್ಕಲ್ಲ, ಮರೆಯದಿರುವುದಕ್ಕೆ ಎಂದು ಅವರಿಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಈಗ ಯಾರಾದರೂ ಅವರ ಡಬ್ಬ ಮುಟ್ಟಿದರೆ, “ಅದು ನಂದು, ಹೆಸರಿದೆ ನೋಡು” ಎನ್ನುತ್ತಾರೆ.

ಇಷ್ಟೆಲ್ಲವನ್ನೂ ಆ ರಾತ್ರಿ ಮಗಳಿಗೆ ಹೇಳಿದೆ, ಎಳನೀರಿನ ಸಂಗತಿಯನ್ನೂ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮಾ, ಅಷ್ಟು ಚೀಟಿಯಲ್ಲಿ ನಿನ್ನ ಹೆಸರಿನದು ಒಂದೂ ಇಲ್ಲವಲ್ಲ?” ಎಂದಳು. ನನಗೇನು ಮಾಡಿಡುವುದು, ಉಳಿದದ್ದನ್ನು ತಿಂದರಾಯಿತು ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಕಳೆದ ವರ್ಷ ಮೊಣಕಾಲು ನೋವಿಗೆಂದು ತೋರಿಸಿದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ‘ಡಿ’ ವಿ‍ಟಮಿನ್ ತುಂಬ ಕಡಿಮೆ, ವಾರಕ್ಕೊಂದು ಮಾತ್ರೆ ತಪ್ಪದೆ ತೆಗೆದುಕೊಳ್ಳಿ, ಎಲುಬು ಸವೆಯುತ್ತಿದೆ ಎಂದಿದ್ದರು. ನಾಲ್ಕು ನುಂಗಿ ಮರೆತಿದ್ದೆ. ಲಂಡನ್ನಿನ ಸಿಂಹದ ಮರಿಗಳ ಕಥೆಯನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುವವಳು ನಾನು.

ಮಗಳು ಹೊರಟುಹೋದ ಮೇಲೆ ಬೆಳಿಗ್ಗೆ ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದೆ. ಹಾಲಿನ ಪಾತ್ರೆಯ ಪಕ್ಕ ಒಂದು ಸಣ್ಣ ಡಬ್ಬ. ನನ್ನದೇ ಕೆಂಪು ಪೆನ್ನಿನಲ್ಲಿ, ಅವಳ ಓರೆ ಅಕ್ಷರದಲ್ಲಿ ಬರೆದಿತ್ತು: ‘ಅಮ್ಮ – ಮಾತ್ರೆ – ಭಾನುವಾರ.’

ಅಂದು ಭಾನುವಾರವೇ. ನುಂಗಿ, ನೀರು ಕುಡಿದು, ಅತ್ತೆಯವರ ಗಂಜಿಗೆ ಒಲೆ ಹಚ್ಚಿದೆ.